ಶಟಲ್ ಆಡಿ ಬದುಕಬಹುದೇ?

ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಮುಹೂರ್ತವಿದ್ದ ದಿನ ಆಟಕ್ಕೆ ರಜೆ. 1960ರ ದಶಕದ ಬೆಂಗಳೂರಿನಲ್ಲಿ ಶಟಲ್ ಆಡುವ ಹುಡುಗರ ಪಾಡು ಅದು. ಶಾಲೆ ಬಿಟ್ಟ ಕೂಡಲೇ ಹಾಲ್‌ನಲ್ಲಿ ಮದುವೆಯೋ ಮುಂಜಿಯೋ ಇದೆಯೇ ಎಂದು ನೋಡುವುದು, ಖಾಲಿ ಇದ್ದರೆ ನುಗ್ಗುವುದು. ಪ್ರಕಾಶ್ ಪಡುಕೋಣೆ ಕಲಿತದ್ದು ಹೀಗೆ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು; ರ‍್ಯಾಕೆಟ್ ಮನೆಯಲ್ಲೇ ಇತ್ತು. 1962ರಲ್ಲಿ ರಾಜ್ಯ ಕಿರಿಯರ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ ಹುಡುಗ 1964ರಲ್ಲಿ ಅದೇ ಪ್ರಶಸ್ತಿ ಗೆದ್ದ.

1971ರಿಂದ 1979ರವರೆಗೆ ಸತತ 9 ಬಾರಿ ರಾಷ್ಟ್ರೀಯ ಸಿಂಗಲ್ಸ್ ಪಟ್ಟ, 1972ರಲ್ಲಿ ಅರ್ಜುನ ಪ್ರಶಸ್ತಿ, 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. ಇಷ್ಟೆಲ್ಲ ಗೆದ್ದರೂ ಹೊಟ್ಟೆಪಾಡಿಗೆ ಬ್ಯಾಂಕ್ ನೌಕರಿಯೇ ಆಸರೆ. ಆಟಗಾರರಿಗೆ ಕಪ್ಪು, ಹಾರ, ಚಪ್ಪಾಳೆ ಸಿಗುತ್ತಿದ್ದವು. ಸಂಬಳ ಮಾತ್ರ ಬೇರೆ ಕಡೆಯಿಂದ ಬರಬೇಕಿತ್ತು. ಬ್ಯಾಡ್ಮಿಂಟನ್‌ನಲ್ಲಿ ನಗದು ಬಹುಮಾನದ ಬಾಗಿಲು ತೆರೆದದ್ದೇ 1979ರ ಸುಮಾರಿಗೆ. ಪ್ರಕಾಶ್ ಉತ್ತುಂಗಕ್ಕೇರಿದ್ದೂ ಆಗಲೇ.

1980ರ ಮಾರ್ಚ್ ತಿಂಗಳು, ಲಂಡನ್ನಿನ ವೆಂಬ್ಲಿ. ಡೆನ್ಮಾರ್ಕ್ ಮತ್ತು ಸ್ವೀಡನ್ ಓಪನ್‌ಗಳನ್ನು ಆಗಷ್ಟೇ ಗೆದ್ದು ಬಂದಿದ್ದ ಪ್ರಕಾಶ್‌ಗೆ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಾದವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡೂ ವರ್ಷ ಆ ಪ್ರಶಸ್ತಿ ಅವರದೇ. ನೆಗೆದು ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದ ಕಿಂಗ್‌ಗೆ ಬೇಕಾದದ್ದು ಎತ್ತರಕ್ಕೆ ಬರುವ ಶಟಲ್. ಪ್ರಕಾಶ್ ಅದನ್ನೇ ಕೊಡಲಿಲ್ಲ. ಅರ್ಧ ಬಲದ ಸ್ಮ್ಯಾಶ್, ನೆಟ್ ದಾಟುತ್ತಲೇ ಕುಸಿಯುವ ಡ್ರಾಪ್, ಹೊಡೆಯುವ ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಡೆದು ಬೇರೆ ಮೂಲೆಗೆ ಕಳಿಸಿದ ಹೊಡೆತ. ಸರ್ವ್ ಮಾಡಿದವನಿಗಷ್ಟೇ ಅಂಕ ಸಿಗುತ್ತಿದ್ದ ಕಾಲವದು. ರ‍್ಯಾಲಿ ಗೆದ್ದರೂ ಬರುತ್ತಿದ್ದದ್ದು ಕೆಲವೊಮ್ಮೆ ಸರ್ವ್ ಮಾತ್ರ. ಅಂಥ ಲೆಕ್ಕದಲ್ಲಿ 15-3, 15-10. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ, ವಿಶ್ವದ ನಂಬರ್ 1.

ಪತ್ರಿಕೆಗಳು ಇಂದಿಗೂ ನೆನೆಯುವುದು ಆ ಕಪ್ಪನ್ನು. ಆದರೆ ವೃತ್ತಿಯ ದೃಷ್ಟಿಯಿಂದ ಅದಕ್ಕಿಂತ ದೊಡ್ಡದು ಅದರ ಬೆನ್ನಿಗೇ ಅವರು ತೆಗೆದುಕೊಂಡ ತೀರ್ಮಾನ. ಊರಲ್ಲಿ ಸನ್ಮಾನ ಮಾಡಿಸಿಕೊಂಡು, ಬ್ಯಾಂಕಿನ ಕುರ್ಚಿಯಲ್ಲಿ ಹಾಯಾಗಿ ಕೂರಬಹುದಿತ್ತು. ಪ್ರಕಾಶ್ ಕೋಪನ್‌ಹೇಗನ್‌ಗೆ ಹೊರಟರು. ಅಲ್ಲಿನ ಕ್ಲಬ್ ಪದ್ಧತಿಯಲ್ಲಿ ದಿನವೂ ಸಮಬಲದ ಜೊತೆಗಾರರು ಸಿಗುತ್ತಿದ್ದರು, ಯೂರೋಪಿನ ಟೂರ್ನಿಗಳು ಕೈಯಳತೆಯಲ್ಲಿದ್ದವು. ಡೆನ್ಮಾರ್ಕಿನ ಮಾರ್ಟೆನ್ ಫ್ರಾಸ್ಟ್ ಅಭ್ಯಾಸದಲ್ಲಿ ಗೆಳೆಯ, ಪಂದ್ಯದಲ್ಲಿ ಎದುರಾಳಿ. ಶಟಲ್ ಆಟವನ್ನೇ ಕಸುಬು ಮಾಡಿಕೊಂಡು ಬದುಕುವುದು ಹೇಗೆಂದು ಭಾರತ ಮೊದಲು ಕಂಡದ್ದು ಪ್ರಕಾಶ್ ಅವರಲ್ಲಿ. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ಅವರೆದುರು ಸೋತರು. 1983ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಆ ಟೂರ್ನಿಯ ಪುರುಷರ ಸಿಂಗಲ್ಸ್‌ನಲ್ಲಿ ಭಾರತಕ್ಕೆ ಮತ್ತೊಂದು ಪದಕ ಬರಲು 2019ರಲ್ಲಿ ಸಾಯಿ ಪ್ರಣೀತ್ ಗೆಲ್ಲುವವರೆಗೆ 36 ವರ್ಷ ಕಾಯಬೇಕಾಯಿತು!

1991ರಲ್ಲಿ ಪ್ರಕಾಶ್ ನಿವೃತ್ತರಾದರು. ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ನ ಪದಕದ ಆಟವಾದದ್ದು 1992ರಲ್ಲಿ. ಅದೊಂದು ಅವರ ಪಾಲಿಗೆ ತಪ್ಪಿಯೇ ಹೋಯಿತು.

1994ರಲ್ಲಿ ವಿಮಲ್ ಕುಮಾರ್ ಜೊತೆಗೂಡಿ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಮದುವೆ ಇಲ್ಲದ ದಿನಕ್ಕೆ ಕಾಯಬೇಕಿಲ್ಲದ ಕೋರ್ಟು, ಪೂರ್ಣಾವಧಿ ತರಬೇತುದಾರರು: ತಮಗೆ ಸಿಗದಿದ್ದದ್ದು ಅಲ್ಲಿನ ಮಕ್ಕಳಿಗೆ ಸಿಕ್ಕಿತು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅಲ್ಲೇ ಬೆಳೆದ ಲಕ್ಷ್ಯ ಸೇನ್ 2022ರಲ್ಲಿ ಅದೇ ಟೂರ್ನಿಯ ಫೈನಲ್ ತಲುಪಿ, ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್‌ಗೆ ಸೋತರು.