ಅಂತೆಯ ಮರ್ಯಾದೆ

ಕನ್ನಡದ ಕ್ರಿಯಾಪದಕ್ಕೆ ಬಾಲಂಗೋಚಿಯಂತೆ ಅಂಟಿಕೊಂಡು ಬರುವ ಒಂದು ಮಾತಿದೆ: ‘ಅಂತೆ’. ಬಾಲಂಗೋಚಿಯಂತೆ ಎಂದೆನಲ್ಲ, ಅದು ಹೋಲಿಕೆಯ ಅಂತೆ. ಅದರ ತಂಟೆ ಇಲ್ಲಿ ಬೇಡ. ನಾನು ಹೇಳುತ್ತಿರುವುದು ಕಿವಿಯ ಅಂತೆ. ‘ಸಾಗರದಲ್ಲಿ ಮಳೆ ಬಂತು’ ಎಂದರೆ ನಾನೇ ಅಲ್ಲಿ ನಿಂತು ನೆನೆದಿದ್ದೇನೆ. ‘ಸಾಗರದಲ್ಲಿ ಮಳೆ ಬಂತಂತೆ’ ಎಂದರೆ ನಾನಿರುವಲ್ಲಿ ಸುಡುಬಿಸಿಲು. ಊರಿಂದ ಅಕ್ಕ ಫೋನ್ ಮಾಡಿದ್ದಳು. ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂಬ ಲೆಕ್ಕವನ್ನು ಎರಡೇ ಅಕ್ಷರ ಒಪ್ಪಿಸಿಬಿಡುತ್ತವೆ.

ಇದು ನಮ್ಮೊಬ್ಬರ ಸೊತ್ತೂ ಅಲ್ಲ. ತೆಲುಗರಿಗೆ ‘ಅಟ’ ಇದೆ, ತಮಿಳರಿಗೆ ‘ಆಮ್’ ಇದೆ. ನಮ್ಮ ಹವ್ಯಕರ ಮನೆಗಳಲ್ಲಿ ‘ಅಡ’ ಓಡಾಡುತ್ತದೆ. ಧಾರವಾಡದ ಕಡೆ ‘ಅಂವ ನಾಳೆ ಬರ್ತಾನಂತ’ ಎಂದರೆ ಮುಗಿಯಿತು. ದಕ್ಷಿಣದವರು ದಿನವಿಡೀ ಊರ ಸುದ್ದಿ ಮಾತಾಡಿದರೂ, ಸುದ್ದಿಯ ಮೂಲ ತಾವಲ್ಲ ಎಂದು ವಾಕ್ಯ ವಾಕ್ಯಕ್ಕೂ ಹೇಳಿಕೊಳ್ಳುವ ಜನ.

ಈ ಲೆಕ್ಕ ಎಷ್ಟು ಕಟ್ಟುನಿಟ್ಟೆಂದರೆ ನಮ್ಮದೇ ಬದುಕಿಗೂ ವಿನಾಯಿತಿ ಇಲ್ಲ. ‘ಚಿಕ್ಕೋನಿದ್ದಾಗ ನಾನು ತುಂಬಾ ಹಟ ಮಾಡ್ತಿದ್ದೆನಂತೆ’ ಎನ್ನುತ್ತೇವೆ. ಹಟ ಮಾಡಿದವರು ನಾವೇ. ಆದರೆ ನೆನಪು ಅಮ್ಮನದು, ಹಾಗಾಗಿ ಅಂತೆ ಬೀಳಲೇಬೇಕು. ಕಥೆಯ ರಾಜನೂ ‘ಒಂದೂರಲ್ಲಿ ಇದ್ದನಂತೆ’ಯೇ ಹೊರತು ‘ಇದ್ದ’ ಅಲ್ಲ; ‘ಇದ್ದ’ ಎಂದರೆ ಅಜ್ಜಿಯನ್ನು ಮಕ್ಕಳು ಅಡ್ಡ ಹಿಡಿಯುತ್ತಾರೆ: ನೀನು ನೋಡಿದ್ಯಾ?

ಅಂತೆಗೆ ಬೇರೆ ಕಸುಬುಗಳೂ ಇವೆ. ಗಂಡ ಹೆಂಡಿರ ಮಾತು ನಿಂತ ದಿನ ಮನೆ ನಡೆಯುವುದು ಅದರಿಂದಲೇ. ‘ನಿಮ್ಮಪ್ಪ ಊಟಕ್ಕೆ ಬರ್ತಾರಂತಾ ಕೇಳು’ ಎಂದು ಅಡುಗೆಮನೆಯಿಂದ ಪ್ರಶ್ನೆ ಹೊರಡುತ್ತದೆ; ‘ಹಸಿವಿಲ್ಲವಂತೆ’ ಎಂದು ಹುಡುಗ ಉತ್ತರ ತರುತ್ತಾನೆ. ಇಬ್ಬರಿಗೂ ಎಲ್ಲ ಕೇಳಿಸಿರುತ್ತದೆ. ಚುಚ್ಚುವುದಕ್ಕೂ ಅದೇ ಬೇಕು: ‘ಇವರು ದೊಡ್ಡ ಮನುಷ್ಯರಂತೆ!’ ಅಂತೆಯ ಮೇಲೆ ಸ್ವಲ್ಪ ಒತ್ತು ಬಿದ್ದರೆ ದೊಡ್ಡ ಮನುಷ್ಯ ಅಲ್ಲೇ ಕುಗ್ಗುತ್ತಾನೆ. ಎಲ್ಲಕ್ಕಿಂತ ಸೊಗಸು ಅದರ ಉಪಚಾರ. ಹೊರಡಲು ಎದ್ದ ನೆಂಟರಿಗೆ ‘ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗುವಿರಂತೆ’ ಎನ್ನುವಾಗ ಅಪ್ಪಣೆಯ ಮೊನೆ ಮುರಿದು ಬರೀ ಅಕ್ಕರೆ ಉಳಿದಿರುತ್ತದೆ.

ನನಗೆ ಅಂತೆಯ ದೊಡ್ಡಗುಣ ಕಾಣುವುದು ಬೆಳಗಿನ ಹಾಲಿನ ಬೂತಿನ ಮುಂದೆ. 2025ರ ಮಾರ್ಚ್ ಕೊನೆಯ ವಾರ ಅಲ್ಲಿ ನಡೆಯುತ್ತಿದ್ದ ಮಾತು ಹೀಗಿತ್ತು:

‘ಹಾಲು ಮತ್ತೆ ಜಾಸ್ತಿ ಆಗತ್ತಂತಲ್ಲ ರೀ.’

‘ಐದು ರೂಪಾಯಂತೆ.’

‘ಇಲ್ಲ ಸಾರ್, ನಾಲ್ಕಂತೆ. ಒಂದನೇ ತಾರೀಖಿಂದ.’

‘ರೈತರಿಗೇ ಕೊಡ್ತಾರಂತೆ, ಹಂಗಾದ್ರೆ ಸರಿ ಬಿಡಿ.’

ನಾಲ್ಕು ಬಾಯಿ, ಎರಡು ಅಂಕಿ, ಜಗಳ ಮಾತ್ರ ಇಲ್ಲ. ಐದು ಎಂದವರಿಗೆ ನಾಲ್ಕು ಎಂದವರ ಮೇಲೆ ಸಿಟ್ಟು ಬರಲು ಕಾರಣವೇ ಇಲ್ಲ; ಐದು ಅವರ ಸ್ವಂತದ್ದಲ್ಲವಲ್ಲ, ಯಾರೋ ಹೇಳಿದ್ದು. ತಪ್ಪಾದರೆ ಸುದ್ದಿ ತಪ್ಪಾಯಿತು, ಮನುಷ್ಯ ಸುಳ್ಳುಗಾರನಾಗಲಿಲ್ಲ. ಏಪ್ರಿಲ್ 1ರಿಂದ ಲೀಟರಿಗೆ ನಾಲ್ಕೇ ರೂಪಾಯಿ ಏರಿತು. ಐದು ಎಂದಿದ್ದವರು ಮರುದಿನವೂ ಅದೇ ಸಾಲಿನಲ್ಲಿ ನಿಂತು ಹಾಲು ಕೊಂಡರು. ಮಾತಿನಲ್ಲಿ ಮರ್ಯಾದೆ ಎಂದರೆ ಬರೀ ‘ರೀ’, ‘ಅವರು’, ‘ತಾವು’ ಎಂದುಕೊಂಡಿದ್ದೇವೆ. ನನ್ನ ಕೇಳಿದರೆ ಅಂತೆಯೂ ಒಂದು ಮರ್ಯಾದೆಯೇ: ‘ನನಗೆ ತಿಳಿದದ್ದು ಇಷ್ಟು, ನಿಮಗೆ ಬೇರೆ ತಿಳಿದಿದ್ದರೆ ಹೇಳಿ’ ಎಂದು ಎದುರಿನವರಿಗೆ ಜಾಗ ಬಿಡುವ ಮರ್ಯಾದೆ.

ಅದು ಜನರನ್ನು ಹೋಗಿ ನೋಡುವ ಹಾಗೂ ಮಾಡುತ್ತದೆ. 1995ರ ಸೆಪ್ಟೆಂಬರ್ 21ರಂದು ‘ಗಣಪತಿ ಹಾಲು ಕುಡೀತಾನಂತೆ’ ಎಂಬ ಸುದ್ದಿ ದೇಶವಿಡೀ ಹಬ್ಬಿತಲ್ಲ, ಅಂದು ಜನ ಚಮಚ ಹಿಡಿದು ಗುಡಿಗಳ ಮುಂದೆ ಸಾಲು ನಿಂತರು. ನಂಬಿದವರಿಗೂ ಕಣ್ಣಾರೆ ಕಾಣುವ ಆಸೆ. ದ್ರವದ ಮೇಲ್ಮೈ ಸೆಳೆತದ ಆಟ ಅದು ಎಂದು ವಿಜ್ಞಾನಿಗಳು ತೋರಿಸಿಕೊಡಲು ಅವಕಾಶ ಸಿಕ್ಕಿತು. ಹಾಲು ಪೋಲಾಯಿತು, ಬೇರೇನೂ ಆಗಲಿಲ್ಲ.

ಕೈಗೆ ಮೊಬೈಲು ಬಂದ ಮೇಲೆ ಸುದ್ದಿ ಬಾಯಿಂದ ಬಾಯಿಗೆ ಹೋಗುವುದನ್ನು ಬಿಟ್ಟು ಬೆರಳಿಂದ ಬೆರಳಿಗೆ ಹೋಗತೊಡಗಿತು. ಬಾಯಿಗೆ ಅಂತೆಯ ಅಭ್ಯಾಸವಿತ್ತು, ಬೆರಳಿಗೆ ಇಲ್ಲ. ಬಂದದ್ದು ಬಂದ ಹಾಗೇ ಮುಂದಕ್ಕೆ. 2012ರ ಆಗಸ್ಟ್‌ನಲ್ಲಿ ಬೆದರಿಕೆಯ ಎಸ್ಸೆಮ್ಮೆಸ್ಸುಗಳಿಗೆ ಅಂಜಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಕೆಲ ದಿನ ಮಿತಿ ಹಾಕಬೇಕಾಯಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಎದ್ದಾಗ, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತೆಗೆದಿದ್ದ ಒಂದು ವಿಡಿಯೊದ ಕೊನೆ ಕತ್ತರಿಸಿ ನಮ್ಮೂರಿನದೆಂಬ ಹಾಗೆ ಹಂಚಿದರು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣನೊಬ್ಬ ಗುಂಪಿನ ಏಟಿಗೆ ಸತ್ತ. ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಸಾಕಾಗಿತ್ತು. ಅದೇ ತಿಂಗಳು ವಾಟ್ಸಾಪ್ ರವಾನಿಸಿದ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಚೀಟಿ ಅಂಟಿಸಲು ಶುರು ಮಾಡಿತು. ನಾವು ಉದುರಿಸಿಕೊಂಡಿದ್ದ ಅಂತೆಯನ್ನು ಒಂದು ಕಂಪನಿ ಹೆಕ್ಕಿ ವಾಪಸು ಹಚ್ಚಬೇಕಾಯಿತು.

ಅಂತೆ ಎಂದ ಮಾತ್ರಕ್ಕೆ ಎಲ್ಲವೂ ಮಾಫಿಯಲ್ಲ. ‘ಆ ಹುಡುಗಿ ರಾತ್ರಿ ಲೇಟಾಗಿ ಬರ್ತಾಳಂತೆ’ ಎಂದು ಪಕ್ಕದ ಮನೆಯ ಮಾನ ಕಳೆದು, ‘ನಾನೇನು ಹೇಳಿದ್ನಾ, ಜನ ಹೇಳ್ತಾರೆ’ ಎಂದು ಕೈ ತೊಳೆದುಕೊಳ್ಳುವವರ ಬಾಯಲ್ಲಿ ಅದು ಹೇಡಿಯ ಆಯುಧ. ಪತ್ರಿಕೆಗಳ ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ಗಳೂ ಇದೇ ವಂಶದವು, ಹೇಳಿದವರು ಯಾರೆಂದು ಗೊತ್ತಿದ್ದೂ ಹಾಗೆ ಬರೆದರೆ ಅದೇ ಹೇಡಿತನ. ನ್ಯಾಯಾಲಯ ಈ ಚಾಳಿಯನ್ನು ಬಲ್ಲದು. ನೋಡಬಹುದಾದ ಸಂಗತಿಯಾದರೆ ನೋಡಿದವನೇ ಬಂದು ಹೇಳಬೇಕು, ಕೇಳಬಹುದಾದದ್ದಾದರೆ ಕೇಳಿದವನೇ ಹೇಳಬೇಕು ಎಂಬುದು 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲೂ ಇದೆ. ಕೆಲವು ವಿನಾಯಿತಿ ಬಿಟ್ಟರೆ ಕಟಕಟೆಯಲ್ಲಿ ಅಂತೆ ನಡೆಯುವುದಿಲ್ಲ.

ಬೀದಿ ಕಟಕಟೆಯಲ್ಲ, ಅಲ್ಲಿ ಅಂತೆ ನಡೆಯಲಿ, ಆದರೆ ಒಂದು ಕರಾರಿನ ಮೇಲೆ. ಅಂತೆ ಎಂದವರು ‘ಯಾರು ಹೇಳಿದ್ದು?’ ಎಂಬ ಮರುಪ್ರಶ್ನೆಗೆ ಸಿದ್ಧರಿರಬೇಕು, ಕೇಳಿಸಿಕೊಂಡವರು ಆ ಪ್ರಶ್ನೆ ಹಾಕಲು ನಾಚಬಾರದು. ಫೋನಿನಲ್ಲಿ ಬಂದದ್ದನ್ನು ಮುಂದಕ್ಕೆ ತಳ್ಳುವ ಮೊದಲು ಅದರ ಕೊನೆಗೆ ‘ಅಂತೆ’ ಎಂದು ನಿಮ್ಮ ಕೈಯಾರೆ ಸೇರಿಸಿ ಒಮ್ಮೆ ಓದಿಕೊಳ್ಳಿ. ಓದಿದ ಮೇಲೂ ಕಳಿಸಬೇಕೆನ್ನಿಸಿದರೆ ಅಂತೆಯ ಸಮೇತ ಕಳಿಸಿ.