ಮೀಟಿಂಗಿಗಿಲ್ಲ, ಮ್ಯಾನೇಜರಿಗಿದೆ

ಗುರುಗ್ರಾಮದ ಕಡೆ ಹೊರಟ ಹಳದಿ ಮಾರ್ಗದ ಮೆಟ್ರೋದಲ್ಲಿ ಇಬ್ಬರು ಕನ್ನಡದ ಹುಡುಗರು ಆಫೀಸಿನ ಮೇಲೆ ಹರಿಹಾಯುತ್ತಿದ್ದರು. ‘ಮೀಟಿಂಗಿಗೆ ಅಜೆಂಡಾನೇ ಇಲ್ಲ ಮಗಾ’ ಅಂದ ಒಬ್ಬ. ‘ಮೀಟಿಂಗಿಗಿಲ್ಲ, ಮ್ಯಾನೇಜರಿಗಿದೆ’ ಅಂದ ಇನ್ನೊಬ್ಬ. ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದ ಈ ಅಂಕಣಕಾರರ ಕಿವಿ ನೆಟ್ಟಗಾಯಿತು. ಒಂದೇ ಪದಕ್ಕೆ ಅರೆಕ್ಷಣದಲ್ಲಿ ಎರಡು ವೇಷ: ಮೊದಲನೆಯದು ಹಾಳೆಯ ಮೇಲಿರಬೇಕಾದದ್ದು, ಎರಡನೆಯದು ಹೊಟ್ಟೆಯೊಳಗೆ ಇರುವಂಥದ್ದು.

ಇದಕ್ಕೆ ಅಂಕಣಕಾರರ ಬಳಿ ಒಂದು ಸಿದ್ಧಾಂತವಿದೆ. ಭಾಷಾವಿಜ್ಞಾನಿಗಳು ಒಪ್ಪದಿದ್ದರೂ ಅವರು ಬಿಡುವವರಲ್ಲ. ಪದದ ಮೂಲ ಯಾವ ನಿಘಂಟಿನಲ್ಲಾದರೂ ಸಿಗುತ್ತದೆ. ಅದು ಕೆಟ್ಟಿದ್ದೆಲ್ಲಿ ಎಂಬುದು ಮುಖ್ಯ. ಕೆಟ್ಟಿದ್ದು ಸಭೆಯ ಸೂಚನಾಪತ್ರದ ಕೊನೆಯ ಸಾಲಿನಲ್ಲಿ. ಯಾವ ಸಂಘದ್ದಾದರೂ ತೆಗೆದು ನೋಡಿ: ಪ್ರಾರ್ಥನೆ, ಸ್ವಾಗತ, ಹಿಂದಿನ ಸಭೆಯ ನಡಾವಳಿ ಓದಿ ಅಂಗೀಕರಿಸುವುದು, ಲೆಕ್ಕಪತ್ರ, ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಮೇಲಿನವೆಲ್ಲ ಬೇಗ ಮುಗಿಯುತ್ತವೆ. ಜಗಳ, ರಾಜೀನಾಮೆ, ಹೊಸ ಸಮಿತಿ ಹುಟ್ಟುವುದು ಆ ‘ಇತರ’ದಲ್ಲಿ. ಬರೆದ ಅಜೆಂಡಾ ಒಂದು, ಮನಸ್ಸಿನದು ಇನ್ನೊಂದು ಎಂದು ಜನ ಕಲಿತದ್ದು ಅಲ್ಲೇ.

ಆ ಮನಸ್ಸಿನ ಅಜೆಂಡಾವನ್ನು ಬೀದಿಗೆ ತಂದಿದ್ದು ದೆಹಲಿಯ ರಾಜಕಾರಣ. 1998ರ ಮಾರ್ಚ್‌ನಲ್ಲಿ ವಾಜಪೇಯಿ ನೇತೃತ್ವದ ಮೈತ್ರಿಕೂಟ ‘ನ್ಯಾಷನಲ್ ಅಜೆಂಡಾ ಫಾರ್ ಗವರ್ನೆನ್ಸ್’ ಪ್ರಕಟಿಸಿತು. ಅಯೋಧ್ಯೆ, 370ನೇ ವಿಧಿ, ಸಮಾನ ನಾಗರಿಕ ಸಂಹಿತೆ ಅದರಲ್ಲಿರಲಿಲ್ಲ. ಇಲ್ಲದ್ದನ್ನೇ ಹಿಡಿದು ವಿರೋಧಿಗಳು ‘ಹಿಡನ್ ಅಜೆಂಡಾ’ ಎಂದರು. ಕನ್ನಡ ಪತ್ರಿಕೆಗಳಲ್ಲಿ ಅದು ‘ಗುಪ್ತ ಕಾರ್ಯಸೂಚಿ’. ಪಾಪ, ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಮರ್ಯಾದೆಯಿಂದಿದ್ದ ಪದಕ್ಕೂ ಮುಸುಕು ಬಿತ್ತು!

ಇನ್ನು ಅಜೆಂಡಾನೇ ಇಲ್ಲದ ಸಭೆಗೆ ಬಂದರೆ, ‘ಹತ್ತು ಜನ ಸೇರಿದಲ್ಲಿ ಹಾವು ಸಾಯದು’ ಅನ್ನುತ್ತದೆ ಗಾದೆ. ಸೌದೆ ಕೊಟ್ಟಿಗೆಗೆ ಹಾವು ನುಗ್ಗಿದ್ದನ್ನು ಕಂಡವರಿಗೆ ಇದರ ರುಚಿ ಗೊತ್ತು. ಒಬ್ಬ ಟಾರ್ಚ್ ತನ್ನಿ ಅನ್ನುತ್ತಾನೆ; ಟಾರ್ಚ್ ಬರುತ್ತದೆ, ಸೆಲ್ ಇರುವುದಿಲ್ಲ. ಒಬ್ಬರಿಗೆ ಅದು ಕೇರೆ, ಬಿಟ್ಟುಬಿಡಿ. ಅಜ್ಜಿಗೆ ಅದು ನಾಗರ, ಹೊಡೆದರೆ ದೋಷ. ಕೋಲು ಹಿಡಿದವನು ‘ಹೊಡೀಲಾ?’ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಾನೆ. ಅಷ್ಟರಲ್ಲಿ ಹೋದ ವರ್ಷ ಪಕ್ಕದೂರಲ್ಲಿ ಕಾಣಿಸಿಕೊಂಡಿದ್ದು ಎಷ್ಟು ಮಾರುದ್ದವಿತ್ತು ಎಂಬ ವಾದ ಶುರು. ಕಾಫಿಯೂ ಬರುತ್ತದೆ. ಹಾವು ಹಿಂದಿನ ಸಂದಿಯಲ್ಲಿ ಜಾರಿ ಎಷ್ಟೋ ಹೊತ್ತಾಗಿರುತ್ತದೆ. ಹೊಡೆಯುವುದೋ ಓಡಿಸುವುದೋ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಕೋಲು ಯಾರ ಜವಾಬ್ದಾರಿ ಎಂದೂ ಗೊತ್ತುಮಾಡಿರಲಿಲ್ಲ.

ಅಜೆಂಡಾದ ಕೆಲಸ ಇಷ್ಟೇ. ‘ರಾಜ್ಯೋತ್ಸವದ ಬಗ್ಗೆ ಚರ್ಚೆ’ ಎಂದು ಬರೆದರೆ ಕತ್ತಲಾಗುತ್ತದೆ. ‘ರಾಜ್ಯೋತ್ಸವಕ್ಕೆ ಯಾವ ಸಭಾಂಗಣ, ಎಷ್ಟು ಬಾಡಿಗೆವರೆಗೆ? ಮಂಡಿಸುವವರು: ಖಜಾಂಚಿ. 15 ನಿಮಿಷ. ಇಂದೇ ತೀರ್ಮಾನ’ ಎಂದು ಬರೆದು ಮೂರು ದರಪಟ್ಟಿ ಲಗತ್ತಿಸಿದರೆ ಕೆಲವರಾದರೂ ಓದಿಕೊಂಡು ಬರುತ್ತಾರೆ.

ಇದು ಅಂಕಣಕಾರರ ಸ್ವಂತ ಬುದ್ಧಿಯೇನಲ್ಲ. ದೆಹಲಿಯ ಲೋದಿ ರಸ್ತೆಯಲ್ಲಿರುವ ಕಂಪನಿ ಸೆಕ್ರೆಟರಿಗಳ ಸಂಸ್ಥೆ ರೂಪಿಸಿ, 2015ರ ಜುಲೈ 1ರಿಂದ ಜಾರಿಗೆ ಬಂದ ‘ಎಸ್‌ಎಸ್–1’ ಮಾನದಂಡ ಕಂಪನಿಗಳ ಆಡಳಿತ ಮಂಡಳಿ ಸಭೆಗೆ ಹೆಚ್ಚುಕಡಿಮೆ ಇದನ್ನೇ ವಿಧಿಸುತ್ತದೆ. ತುರ್ತು ಇಲ್ಲದಿದ್ದರೆ ಅಜೆಂಡಾ ಮತ್ತು ಟಿಪ್ಪಣಿ 7 ದಿನ ಮೊದಲೇ ಹೋಗಬೇಕು. ಒಪ್ಪಿಗೆ ಬೇಡುವ ಪ್ರತಿ ವಿಷಯಕ್ಕೂ ವಿವರ ಬೇಕು. ಅದರಲ್ಲಿ ಯಾವ ನಿರ್ದೇಶಕರಿಗಾದರೂ ಸ್ವಂತ ಹಿತಾಸಕ್ತಿ ಇದ್ದರೆ ಅದೂ ಬರೆದಿರಬೇಕು. ಅಂದರೆ ನಿರ್ದೇಶಕರ ಹೊಟ್ಟೆಯೊಳಗಿನ ಅಜೆಂಡಾಕ್ಕೂ ಹಾಳೆಯಲ್ಲಿ ಜಾಗವುಂಟು! ‘ಇತರ ವಿಷಯ’ಕ್ಕೆ ಬರೀ ಅಧ್ಯಕ್ಷರ ಅಪ್ಪಣೆ ಸಾಲದು, ಹಾಜರಿದ್ದ ನಿರ್ದೇಶಕರಲ್ಲಿ ಬಹುಮತದ ಸಮ್ಮತಿಯೂ ಬೇಕು.

ಮಂಡಳಿಯ ಕೋಣೆಯಾಚೆ ಈ ಶಿಸ್ತನ್ನು ಕೇಳುವವರಿಲ್ಲ. ನೋಯ್ಡಾ, ಗುರುಗ್ರಾಮಗಳ ಆಫೀಸ್ ಕ್ಯಾಲೆಂಡರುಗಳಲ್ಲಿ ಮೀಟಿಂಗ್ ಎಂದರೆ ‘ಕ್ವಿಕ್ ಸಿಂಕ್’ ಎಂಬೆರಡು ಪದ, ತೆರೆದರೆ ಒಳಗೆ ಖಾಲಿ. ಕೇಳಿದರೆ ‘ಅಜೆಂಡಾ ಮೀಟಿಂಗಲ್ಲೇ ಸೆಟ್ ಮಾಡೋಣ’ ಎಂಬ ಉತ್ತರ. ಇದಕ್ಕಿಂತ ಸಂಸತ್ತಿನ ಶೂನ್ಯವೇಳೆ ವಾಸಿ. ನಿಯಮಾವಳಿಯಲ್ಲಿ ಆ ಹೆಸರೇ ಇಲ್ಲ; ಆದರೂ 2014ರ ನವೆಂಬರ್‌ನಿಂದ ರಾಜ್ಯಸಭೆಯಲ್ಲಿ ಅದು ಬೆಳಗ್ಗೆ 11ಕ್ಕೇ ಬಂದು ಕೂತಿತು, ಪ್ರಶ್ನೋತ್ತರ 12 ಗಂಟೆಗೆ ಸರಿಯಿತು. ಅಲ್ಲಿ ಮಾತಾಡಬೇಕೆನ್ನುವ ಸದಸ್ಯರು ಇಂಥ ವಿಷಯ ಎಂದು ಮುಂಚೆಯೇ ನೋಟಿಸ್ ಕೊಟ್ಟಿರಬೇಕು. ‘ಕ್ವಿಕ್ ಸಿಂಕ್’ಗೆ ಅಷ್ಟೂ ಇಲ್ಲ.