ಲಾರಿ ಟ್ಯೂಬಿನ ಹರಿಗೋಲು

ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರಿನ ದಂಡೆಯಲ್ಲಿ ಬೆಳಗಿನ ಜಾವ ನಿಂತವರಿಗೆ ಒಮ್ಮೊಮ್ಮೆ ವಿಚಿತ್ರ ನೋಟವೊಂದು ಕಾಣಸಿಗುತ್ತದೆ. ಮಂಜು ಸರಿಯುತ್ತಿದ್ದಂತೆ ನೀರಿನ ಮೇಲೊಂದು ಕಪ್ಪು ಬಳೆ. ಬಳೆಯ ಮೇಲೆ ಮನುಷ್ಯ. ದೋಣಿಯಿಲ್ಲ, ಹುಟ್ಟಿಲ್ಲ. ಗಾಳಿ ತುಂಬಿದ ಲಾರಿ ಟ್ಯೂಬಿನ ಮೇಲೆ ಕುಳಿತು, ಕೈಯಿಂದ ನೀರು ತಳ್ಳುತ್ತ, ಆತ ರಾತ್ರಿ ಬಿಟ್ಟ ಬಲೆಯನ್ನು ಎತ್ತುತ್ತಿರುತ್ತಾನೆ.

ದಡಕ್ಕೆ ಬಂದಾಗ ಹತ್ತಿರದಿಂದ ನೋಡಿದರೆ ಅದು ಬರಿಯ ಟ್ಯೂಬಲ್ಲವೆಂದು ತಿಳಿಯುತ್ತದೆ. ನಡುವಿನ ತೂತಿಗೆ ನೈಲಾನ್ ಹಗ್ಗದಿಂದ ಮಂಚದ ಹಾಗೆ ಹೆಣೆದ ಆಸನ. ಬೇಕಿದ್ದರೆ ಮೇಲೊಂದು ಹಲಗೆ. ಅಂಗೈಗೆ ಸಿಕ್ಕಿಸಿಕೊಂಡ ಹಳೆಯ ಹವಾಯಿ ಚಪ್ಪಲಿಯೇ ಹುಟ್ಟು. ಪಕ್ಕದಲ್ಲಿ ಮೀನು ಹಾಕಲು ಗೊಬ್ಬರದ ಚೀಲ, ಗಾಳಿಗೆ ತೇಲಿಹೋಗದಿರಲು ಹಗ್ಗ ಕಟ್ಟಿದ ಕಲ್ಲು. ಕಟ್ಟುಗಳಿಗೆಲ್ಲ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ. ಅದು ಒದ್ದೆಯಾದರೂ ಸಡಿಲವಾಗದು. ಗಾಳಿ ತುಂಬುವ ಲೋಹದ ಮೂತಿ ತೊಡೆಗೆ ಗೀರದಂತೆ ಬಟ್ಟೆ ಸುತ್ತಿರುತ್ತಾರೆ. ಅಮೆರಿಕದಲ್ಲಿ ಗಾಳ ಹಾಕುವ ಹವ್ಯಾಸಿಗಳು ಇದೇ ಬಗೆಯ ಟ್ಯೂಬಿಗೆ ಕ್ಯಾನ್ವಾಸ್ ಆಸನ ಹೊಲಿದು, ಕಾಲಿಗೆ ರಬ್ಬರಿನ ಈಜುರೆಕ್ಕೆ ತೊಟ್ಟು ಕೆರೆಗಿಳಿದರು. ಮುಂದೆ ಅದೇ 'ಫ್ಲೋಟ್ ಟ್ಯೂಬ್' ಎಂಬ ಹೆಸರಿನಿಂದ ಅಂಗಡಿಯ ಸರಕಾಯಿತು. ನಮ್ಮಲ್ಲಿ ಅದು ಹವ್ಯಾಸವಲ್ಲ, ಹೊಟ್ಟೆಪಾಡು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಅಕ್ಕಪಕ್ಕದ ತಾಲ್ಲೂಕುಗಳು. ಆದರೆ ನೀರಿನ ಮಟ್ಟಿಗೆ ಎರಡು ಲೋಕಗಳು. ತುಂಗೆ ಭದ್ರೆಯರಿಬ್ಬರೂ ಗಂಗಾಮೂಲದಲ್ಲೇ ಹುಟ್ಟಿದರೂ ತುಂಗೆ ಶೃಂಗೇರಿ, ಹರಿಹರಪುರಗಳ ಕಡೆ ಬಂಡೆಗಳ ನಡುವೆ ಹರಿಯುತ್ತಾಳೆ. ಶೃಂಗೇರಿಯ ಸ್ನಾನಘಟ್ಟದಲ್ಲಿ ಮೀನುಗಳು ದೇವರ ಮೀನುಗಳು. ಯಾತ್ರಿಕರು ಮಂಡಕ್ಕಿ ಎಸೆಯುತ್ತಾರೆ, ಯಾರೂ ಗಾಳ ಹಾಕುವಂತಿಲ್ಲ. ಭದ್ರೆಯಾದರೋ ಬಾಳೆಹೊನ್ನೂರು ದಾಟಿ ಮುಂದೆ ಸಾಗುತ್ತಲೇ ನದಿಯಾಗಿ ಉಳಿಯುವುದಿಲ್ಲ. ಲಕ್ಕವಳ್ಳಿಯ ಅಣೆಕಟ್ಟೆಯ ಹಿಂದೆ 1960ರ ದಶಕದಲ್ಲಿ ನೀರು ನಿಂತಾಗ ನರಸಿಂಹರಾಜಪುರದ ಆಸುಪಾಸಿನ ಗದ್ದೆ ತೋಟಗಳು ಮುಳುಗಿದವು, ಒಕ್ಕಲುಗಳು ಎದ್ದುಹೋದವು. ಪ್ರತಿ ಮಳೆಗಾಲ ಪತ್ರಿಕೆಗಳಲ್ಲಿ ನಾವು ಓದುವ '186 ಅಡಿ' ಎಂಬ ಅಂಕಿ ಈ ಜಲಾಶಯದ ಪೂರ್ಣಮಟ್ಟ. ನೆಲ ಹೋದ ಜಾಗದಲ್ಲಿ ಮೀನು ಬಂತು. ಬಲೆ ಕೊಳ್ಳಲು ಶಕ್ತಿಯಿದ್ದು ಹರಿಗೋಲು ಕೊಳ್ಳಲು ಶಕ್ತಿಯಿಲ್ಲದವನಿಗೆ ಪಂಕ್ಚರ್ ಅಂಗಡಿಯೇ ದೋಣಿಕಾರ್ಖಾನೆಯಾಯಿತು.

ಗಾಳಿಯನ್ನು ಕಟ್ಟಿಹಾಕಿ ನೀರಿಗಿಳಿಯುವ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ 9ನೇ ಶತಮಾನದ ಅಸ್ಸೀರಿಯದ ಶಿಲಾಫಲಕಗಳಲ್ಲಿ, ಊದಿದ ಚರ್ಮದ ಚೀಲಗಳನ್ನು ಅವುಚಿಕೊಂಡು ಹೊಳೆ ದಾಟುವ ಜನರ ಚಿತ್ರಗಳಿವೆ. ಇವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಪಂಜಾಬಿನ ನದಿಗಳಲ್ಲಿ ಊದಿದ ಎಮ್ಮೆ ಚರ್ಮದ ಮೇಲೆ ಮಲಗಿ ದಾಟುವ ರೂಢಿ 20ನೇ ಶತಮಾನದವರೆಗೂ ಇತ್ತು. ನಮ್ಮ ಹಳ್ಳಿಗಳಲ್ಲಿ ಚರ್ಮದ ಕೆಲಸವನ್ನು ಒಣಗಿದ ಸೋರೆ ಬುರುಡೆ ಮಾಡಿತು. ಬೆನ್ನಿಗೆ ಬುರುಡೆ ಕಟ್ಟಿಕೊಂಡು ಈಜು ಕಲಿತವರು ಹಳೆಯ ತಲೆಮಾರಿನಲ್ಲಿ ಇನ್ನೂ ಇದ್ದಾರೆ. ಮಳೆಗಾಲದ ತುರ್ತಿಗೆ ಬಾಳೆದಿಂಡಿನ ತೆಪ್ಪವಂತೂ ಇದ್ದೇ ಇತ್ತು.

ಹರಿಗೋಲಿನ ಕಥೆ ಮಾತ್ರ ಬರವಣಿಗೆಗೆ ಸಿಕ್ಕಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಆನೆಗೊಂದಿಯ ಬಳಿ ಬುಟ್ಟಿಯಂಥ ದುಂಡುದೋಣಿಗಳನ್ನು ಕಂಡ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟ. 1800ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯ ದಂಡೂ ಹೊಳೆ ದಾಟಲು ಹರಿಗೋಲನ್ನೇ ನೆಚ್ಚಿತ್ತು. ಅದಕ್ಕೂ ಹಿಂದೆ, 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ ಎಲ್ಲವೂ ಅಲ್ಲಿವೆ. ಅರಸನ ಗಾಳ ಗ್ರಂಥವಾಯಿತು, ಸೈನ್ಯದ ಹರಿಗೋಲು ದಾಖಲೆಯಾಯಿತು. ಬೆಸ್ತನ ಬುರುಡೆ ಎಲ್ಲೋ ಕೊಳೆತುಹೋಯಿತು. ಬಡವರ ಉಪಕರಣಗಳ ಇತಿಹಾಸ ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕೇ ಇದು.

ರಬ್ಬರು ಈ ಕಥೆಗೆ ತಡವಾಗಿ ಬಂತು. 1840ರ ದಶಕದಲ್ಲಿ ಬ್ರಿಟಿಷ್ ನೌಕಾದಳದ ಪೀಟರ್ ಹಾಲ್ಕೆಟ್ ಎಂಬಾತ ರಬ್ಬರು ಬಳಿದ ಬಟ್ಟೆಯಿಂದ, ತೊಟ್ಟರೆ ನಿಲುವಂಗಿ, ಊದಿದರೆ ದೋಣಿ ಆಗುವಂಥ ಸಾಧನ ತಯಾರಿಸಿದ. ನೌಕಾದಳ ಅದರಲ್ಲಿ ಆಸಕ್ತಿ ತೋರಲಿಲ್ಲ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದ ಮೇಲೆ, ಯಾರೂ ದೋಣಿಗೆಂದು ಮಾಡದ ವಸ್ತುವೊಂದು ಜಗತ್ತಿನ ಮೂಲೆಮೂಲೆಯಲ್ಲೂ ದೋಣಿಯಾಗಲು ಸಿದ್ಧವಾಯಿತು. ಒಂದು ತಮಾಷೆಯೆಂದರೆ, ನರಸಿಂಹರಾಜಪುರ ತಾಲ್ಲೂಕಿನಲ್ಲಿ ಇಂದು ರಬ್ಬರು ತೋಟಗಳು ಬೇಕಾದಷ್ಟಿವೆ. ಆದರೆ ಅಲ್ಲಿನ ಹಿನ್ನೀರಿನಲ್ಲಿ ತೇಲುವ ಟ್ಯೂಬು ಬಹುಮಟ್ಟಿಗೆ ಬ್ಯುಟೈಲ್ ಎಂಬ ಕೃತಕ ರಬ್ಬರಿನದು. ಮರದ ಹಾಲಿನ ರಬ್ಬರಿಗಿಂತ ಅದು ಗಾಳಿಯನ್ನು ಚೆನ್ನಾಗಿ ಹಿಡಿದಿಡುತ್ತದೆ.

ಲೆಕ್ಕವೂ ಸರಳ. ದೊಡ್ಡ ಲಾರಿ ಟ್ಯೂಬು ಹೆಚ್ಚುಕಡಿಮೆ 100 ಲೀಟರ್ ಗಾಳಿ ಹಿಡಿಯುತ್ತದೆ. ಅಷ್ಟೇ ನೀರನ್ನು ಪಕ್ಕಕ್ಕೆ ಸರಿಸಿದರೆ 100 ಕಿಲೋ ಭಾರ ತೇಲಬೇಕು. ಅರವತ್ತು ಕಿಲೋ ಮನುಷ್ಯ, ಹತ್ತು ಕಿಲೋ ಮೀನು, ಒದ್ದೆ ಬಲೆ ಎಲ್ಲಕ್ಕೂ ಸಾಲುತ್ತದೆ. ಸಾಲದಿರುವುದು ಅದೃಷ್ಟ. ಅಂಗಡಿಯ ಫ್ಲೋಟ್ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಗಾಳಿಕೋಣೆಗಳಿರುತ್ತವೆ. ಒಂದು ಒಡೆದರೂ ಇನ್ನೊಂದು ಕಾಯುತ್ತದೆ. ಲಾರಿ ಟ್ಯೂಬಿಗೆ ಇರುವುದು ಒಂದೇ ಹೊಟ್ಟೆ. ಹಿನ್ನೀರಿನಡಿಯಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಚೂಪಾಗಿ ನಿಂತಿವೆ. ದಡದಲ್ಲಿ ಬಿಸಿಲಿಗೆ ಕಾದು ಬಿಗಿದ ಟ್ಯೂಬು ನೀರಿನ ತಂಪಿಗೆ ಮೆತ್ತಗಾಗುತ್ತದೆ. ಮಧ್ಯಾಹ್ನ ಗಾಳಿ ಎದ್ದರೆ ಚಪ್ಪಲಿಯ ಹುಟ್ಟು ಯಾತಕ್ಕೂ ಸಾಲದು. ಅಡುಗೆ ಎಣ್ಣೆಯ ಐದು ಲೀಟರಿನ ಖಾಲಿ ಕ್ಯಾನುಗಳೆರಡನ್ನು ಮುಚ್ಚಳ ಬಿಗಿದು ಎದೆಗೆ ಕಟ್ಟಿಕೊಂಡರೆ ಹತ್ತು ಕಿಲೋದಷ್ಟು ತೇಲುಬಲ ಸಿಗುತ್ತದೆ. ತಲೆ ನೀರಿನ ಮೇಲೆ ನಿಲ್ಲಲು ಅಷ್ಟು ಸಾಕು. ಖರ್ಚಿಲ್ಲದ ಈ ಉಪಾಯ ಆಸನ ಹೆಣೆಯುವುದಕ್ಕಿಂತ ಮೊದಲು ಆಗಬೇಕಾದ್ದು. ಜಾಕೆಟ್ ಇದ್ದರೆ ಇನ್ನೂ ಲೇಸು.

ಹರಿಗೋಲೂ ಬದಲಾಗಿದೆ. ತೊಗಲಿನ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂತು, ಈಗ ಫೈಬರ್ ಬಂದಿದೆ. ಟ್ಯೂಬಿನ ಕಾಲವೂ ಮುಗಿಯುವಂತಿದೆ. ಹೊಸ ಲಾರಿ ಬಸ್ಸುಗಳು ಟ್ಯೂಬಿಲ್ಲದ ಟೈರಿಗೆ ತಿರುಗುತ್ತಿವೆ. ತೇಪೆ ಹಾಕಿ ಬಳಸಬಹುದಾದ ಹಳೆಯ ಟ್ಯೂಬಿಗೆ ಪಂಕ್ಚರ್ ಅಂಗಡಿಗಳಲ್ಲಿ ಹುಡುಕಾಟ ಶುರುವಾಗಿದೆ. ಸಿಗದವರು ಥರ್ಮಾಕೋಲಿನ ತುಂಡುಗಳನ್ನು ಗೊಬ್ಬರದ ಚೀಲಕ್ಕೆ ತುಂಬಿ ಬಾಯಿ ಹೊಲಿದು ತೆಪ್ಪ ಕಟ್ಟುತ್ತಾರೆ. ಸವೆದ ಹವಾಯಿ ಚಪ್ಪಲಿಗೂ ಕೆಲಸ ತಪ್ಪಿಲ್ಲ. ಅದನ್ನು ಚೌಕ ಚೌಕವಾಗಿ ಕತ್ತರಿಸಿ ಬಲೆಯ ಬೆಂಡಿಗೆ ಪೋಣಿಸುತ್ತಾರೆ.